ಸೇರುವ ಬಾಗಿಲು, ಬಿಡುವ ಬಾಗಿಲು

ಬೌದ್ಧ ಸಂಘಕ್ಕೆ ಸೇರುವುದು ಸುಲಭವಲ್ಲ. ಥೇರವಾದದ ವಿನಯ ನಿಯಮದಂತೆ ಹತ್ತು ಭಿಕ್ಷುಗಳು ಕೂಡಬೇಕು, ಗಡಿಸೀಮೆಯಲ್ಲಾದರೆ ಐವರು. ಸಾಲವಿದೆಯೇ, ತಂದೆತಾಯಿ ಒಪ್ಪಿದ್ದಾರೆಯೇ ಎಂದು ವಿಚಾರಿಸಬೇಕು. ಬಿಟ್ಟುಹೋಗುವವನಿಗೆ ಮಾತ್ರ, ಮಾತು ಅರ್ಥವಾಗುವ ಒಬ್ಬರ ಮುಂದೆ ಭಿಕ್ಷುಜೀವನ ತೊರೆದೆನೆಂದು ಮನಸಾರೆ ಹೇಳಿದರೆ ಸಾಕು.

ಅಮೆಜಾನ್ ಪ್ರೈಮ್‌ನಲ್ಲಿ ಇದು ತಿರುಗುಮುರುಗಾಗಿತ್ತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2023ರ ಜೂನ್‌ನಲ್ಲಿ ಹೂಡಿದ ದಾವೆಯ ಪ್ರಕಾರ, ಸೇರಲು ಒಂದೆರಡು ಕ್ಲಿಕ್. ಬಿಡಲು ನಾಲ್ಕು ಪುಟ, ಆರು ಕ್ಲಿಕ್, ಹದಿನೈದು ಆಯ್ಕೆ. ಕಂಪನಿಯೊಳಗೆ ಆ ದಾರಿಗೆ ‘ಇಲಿಯಡ್’ ಎಂಬ ಸುದೀರ್ಘ ಗ್ರೀಕ್ ಮಹಾಕಾವ್ಯದ ಹೆಸರಿತ್ತು. 2025ರ ಸೆಪ್ಟೆಂಬರ್‌ನಲ್ಲಿ 250 ಕೋಟಿ ಡಾಲರಿಗೆ ರಾಜಿಯಾಯಿತು.

ಹಣಕ್ಕಿಂತ ದೊಡ್ಡ ಪ್ರಶ್ನೆ ಒಪ್ಪಿಗೆಯದು. ಮೊದಲ ದಿನ ‘ಹೂಂ’ ಎಂದವರು ಆರನೇ ತಿಂಗಳೂ ‘ಹೂಂ’ ಎನ್ನುತ್ತಿದ್ದಾರೆಯೇ? ಖಾತೆಯಿಂದ ದುಡ್ಡು ಕಡಿತವಾಗುತ್ತಿದೆ ಎಂಬುದು ಅದಕ್ಕೆ ಸಾಕ್ಷಿಯಾಗದು. ಮೌನವೇ ಸಮ್ಮತಿ ಎನ್ನುವುದುಂಟು. ಆದರೆ ಬೇಡವೆನ್ನಲು ಹೋಗಿ, ಪುಟದಿಂದ ಪುಟಕ್ಕೆ ಅಲೆದು, ದಣಿದು ಸುಮ್ಮನಾದವರ ಮೌನವನ್ನು ಸಮ್ಮತಿಯ ಲೆಕ್ಕಕ್ಕೆ ಸೇರಿಸುವುದು ಅನ್ಯಾಯ.

ಕಾನೂನು ತಡವಾಗಿಯಾದರೂ ಎಚ್ಚೆತ್ತಿದೆ. ಭಾರತದ 2023ರ ನವೆಂಬರ್ 30ರ ಮಾರ್ಗಸೂಚಿ ಇಂಥ ಚಂದಾ ಬಲೆಯನ್ನು 13 ಡಾರ್ಕ್ ಪ್ಯಾಟರ್ನ್‌ಗಳಲ್ಲಿ, ಅಂದರೆ ಬಳಕೆದಾರರನ್ನು ದಾರಿತಪ್ಪಿಸುವ ವಿನ್ಯಾಸಗಳಲ್ಲಿ, ಒಂದೆಂದು ಗುರುತಿಸಿದೆ. ಜರ್ಮನಿ 2022ರ ಜುಲೈ 1ರಿಂದಲೇ ವೆಬ್‌ಸೈಟಿನಲ್ಲಿ ರದ್ದತಿಯ ಬಟನ್ ಕಡ್ಡಾಯ ಮಾಡಿದೆ.