ಆನ್ವಯಿಕ ಮಾನವಶಾಸ್ತ್ರ: ಯೋಜನೆ ಮತ್ತು ಜನಜೀವನ

ಮಾನವಶಾಸ್ತ್ರದ ತಿಳಿವನ್ನೂ ಅಧ್ಯಯನ ಕ್ರಮವನ್ನೂ ಸಮಾಜದ ಪ್ರತ್ಯಕ್ಷ ಸಮಸ್ಯೆಗಳಿಗೆ ಬಳಸುವ ಶಾಖೆಯೇ ಆನ್ವಯಿಕ ಮಾನವಶಾಸ್ತ್ರ. ನೀರಾವರಿಯಿರಲಿ, ಆರೋಗ್ಯವಿರಲಿ, ಪುನರ್ವಸತಿಯಿರಲಿ, ಯೋಜನೆ ಯಾರ ಬದುಕನ್ನು ಮುಟ್ಟುತ್ತದೆಯೋ ಅವರ ಬದುಕು ಹೇಗೆ ನಡೆದಿದೆ ಎಂಬುದನ್ನು ಮೊದಲು ಅರಿಯಬೇಕು ಎಂಬುದು ಇದರ ಮೂಲ ತತ್ತ್ವ. ಅದಕ್ಕಾಗಿ ಸಂಶೋಧಕರು ತಿಂಗಳುಗಟ್ಟಲೆ ಜನರ ನಡುವೆ ನೆಲೆಸಿ ದುಡಿಮೆ, ನೆಂಟಸ್ತಿಕೆ, ಸಾಲ, ಹಬ್ಬ, ಜಗಳಗಳನ್ನು ಕಣ್ಣಾರೆ ಕಂಡು ದಾಖಲಿಸುತ್ತಾರೆ. ಇದೇ ಕ್ಷೇತ್ರಕಾರ್ಯ.

ಅಂಕಿಅಂಶಗಳಿಗೆ ಸಿಗದ ಸಂಗತಿಗಳು ಹೀಗೆ ಸಿಗುತ್ತವೆ. 1954–56ರಲ್ಲಿ ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ ಮಂಡ್ಯ ಸೀಮೆಯ ಎರಡು ಹಳ್ಳಿಗಳನ್ನು ಅಧ್ಯಯನ ಮಾಡಿದರು. ನಾಲೆಯ ನೀರು ಬಂದ ಹಳ್ಳಿಯಲ್ಲಿ ಕಬ್ಬಿನ ಹಣ ಕೈಸೇರಿದರೂ ಹಳೆಯ ಸಾಮಾಜಿಕ ಸಂಬಂಧಗಳು ಬಹುಮಟ್ಟಿಗೆ ಹಾಗೆಯೇ ಉಳಿದವು. ನೀರು ಸಿಗದ ಹಳ್ಳಿಯವರು ಹೊರಗಿನ ಕೆಲಸ, ವ್ಯಾಪಾರ ಅರಸಿ ಹೋದರು. ದೊಡ್ಡ ಬದಲಾವಣೆ ಅಲ್ಲೇ ಆಯಿತು.

ಕರ್ನಾಟಕದಾಚೆ ಗುಜರಾತಿನಲ್ಲೂ ಇಂಥ ಅಧ್ಯಯನ ಬೆಳೆಯಿತು. ಅಲ್ಲಿ ಅದಕ್ಕೆ ಬುನಾದಿ ಹಾಕಿದವರಲ್ಲಿ ಮೈಸೂರಿನ ಎಂ.ಎನ್. ಶ್ರೀನಿವಾಸ್ ಒಬ್ಬರು. 1950ರ ದಶಕದಲ್ಲಿ ಅವರು ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ವಿಭಾಗವನ್ನು ಕಟ್ಟಿದರು. ಸಮಾಜಶಾಸ್ತ್ರಜ್ಞ ಐ.ಪಿ. ದೇಸಾಯಿ 1969ರಲ್ಲಿ ಸೂರತ್ತಿನಲ್ಲಿ ಸ್ಥಾಪಿಸಿದ ಸಂಸ್ಥೆ ಇಂದು ಸೆಂಟರ್ ಫಾರ್ ಸೋಶಿಯಲ್ ಸ್ಟಡೀಸ್ ಎಂದು ಹೆಸರಾಗಿದೆ. ನರ್ಮದಾ ನದಿಯ ಸರ್ದಾರ್ ಸರೋವರ ಅಣೆಕಟ್ಟಿನ ಮುಳುಗಡೆ ಹಳ್ಳಿಗಳ ಪುನರ್ವಸತಿ ಹೇಗೆ ನಡೆದಿದೆ ಎಂದು ಗಮನಿಸಿ ವರದಿ ಮಾಡುವ ಹೊಣೆಯನ್ನು 1980ರ ದಶಕದಲ್ಲಿ ಅದು ಹೊತ್ತಿತು.

ಆ ಯೋಜನೆಯಲ್ಲಿ ಕಾಗದಕ್ಕೂ ಬದುಕಿಗೂ ಇದ್ದ ಅಂತರ ಎದ್ದು ಕಂಡದ್ದು ಜಮೀನಿನ ವಿಷಯದಲ್ಲಿ. 1979ರ ನರ್ಮದಾ ನ್ಯಾಯಮಂಡಳಿಯ ತೀರ್ಪು ಜಮೀನು ಕಳೆದುಕೊಳ್ಳುವ ಖಾತೆದಾರ ಕುಟುಂಬಕ್ಕೆ ಕನಿಷ್ಠ 2 ಹೆಕ್ಟೇರ್ ಭೂಮಿ ಕೊಡಬೇಕೆಂದಿತು. ಆದರೆ ಬಹಳಷ್ಟು ಆದಿವಾಸಿಗಳು ತಲೆಮಾರುಗಳಿಂದ ಉಳುತ್ತಿದ್ದ ನೆಲ ದಾಖಲೆಯಲ್ಲಿ ಅರಣ್ಯವಾಗಿತ್ತು. ಕರ್ನಾಟಕದ ಬಗರ್‌ಹುಕುಂ ಸಾಗುವಳಿದಾರರಂತೆ ಅವರೂ ಒತ್ತುವರಿದಾರರೆನಿಸಿಕೊಂಡರು. ಜನರ ಹೋರಾಟದ ಒತ್ತಡವೂ ಸೇರಿ, 1987ರಲ್ಲಿ ಗುಜರಾತ್ ಸರ್ಕಾರ ಭೂರಹಿತರಿಗೂ ಒತ್ತುವರಿದಾರರಿಗೂ ಪ್ರಾಪ್ತವಯಸ್ಕ ಗಂಡುಮಕ್ಕಳಿಗೂ 2 ಹೆಕ್ಟೇರ್ ಕೊಡಲು ಒಪ್ಪಿತು. ಆಗಲೂ ಒಂದೇ ಹಳ್ಳಿಯವರು ಹಲವು ಪುನರ್ವಸತಿ ತಾಣಗಳಿಗೆ ಚದುರಿಹೋದರು. ಕಷ್ಟಕ್ಕೆ ಒದಗುತ್ತಿದ್ದ ನೆಂಟರಿಷ್ಟರು, ಮೇವು ಸೌದೆ ಕೊಡುತ್ತಿದ್ದ ಕಾಡು ದೂರವಾದವು. ವಿಶ್ವಬ್ಯಾಂಕ್ ನೇಮಿಸಿದ, ಮಾನವಶಾಸ್ತ್ರಜ್ಞ ಹ್ಯೂ ಬ್ರೋಡಿ ಕೂಡ ಇದ್ದ ಬ್ರಾಡ್‌ಫರ್ಡ್ ಮೋರ್ಸ್ ಸಮಿತಿ 1992ರಲ್ಲಿ ಪುನರ್ವಸತಿಯ ಲೋಪಗಳನ್ನು ಕಟುವಾಗಿ ಎತ್ತಿ ತೋರಿಸಿತು. ಮರುವರ್ಷ ಭಾರತ ಈ ಯೋಜನೆಗೆ ವಿಶ್ವಬ್ಯಾಂಕಿನಿಂದ ಬರಬೇಕಿದ್ದ ಬಾಕಿ ಸಾಲವನ್ನು ಕೈಬಿಟ್ಟಿತು. ಅಣೆಕಟ್ಟಿನ ಕೆಲಸ ಮಾತ್ರ ಮುಂದುವರಿಯಿತು.

ಈ ಶಾಸ್ತ್ರದ ಮಿತಿಯೂ ಇಲ್ಲೇ ಗೊತ್ತಾಗುತ್ತದೆ. ಸಂಶೋಧಕರು ತಿಳಿಸಬಲ್ಲರು, ತೀರ್ಮಾನಿಸುವವರು ಬೇರೆ. ಅಧ್ಯಯನಕ್ಕೆ ಹಣ ಕೊಡುವವರು ಒಬ್ಬರು, ಅದರ ಫಲ ಉಣ್ಣುವವರು ಇನ್ನೊಬ್ಬರು. ಆದ್ದರಿಂದ ಜನರ ಒಪ್ಪಿಗೆ ಪಡೆಯುವುದು, ಕಂಡದ್ದನ್ನು ಮುಚ್ಚಿಡದೆ ಹೇಳುವುದು ಈ ವೃತ್ತಿಯ ಮೊದಲ ಧರ್ಮ. ಜನಜೀವನದ ಅಧ್ಯಯನ ಯೋಜನೆಗೆ ಮಂಜೂರಾತಿ ಸಿಗುವ ಮೊದಲೇ ನಡೆಯಬೇಕು. ಊರು ಮುಳುಗಿದ ಮೇಲೆ ನಡೆಸಿದರೆ ಅದು ನಷ್ಟದ ಲೆಕ್ಕವಷ್ಟೇ ಆಗುತ್ತದೆ.