ಗಲ್ಲಾದ ಎದುರು, ಸಂಜೆ ಆರೂವರೆಗೆ

ಹೊಟೇಲಿಗೆ ಸಂಜೆ ಆರೂವರೆ ಅಂದರೆ ಎಷ್ಟು ಕೈಯಿದ್ದರೂ ಸಾಲದ ಹೊತ್ತು. ಆಫೀಸು ಬಿಟ್ಟವರು ಲೋಕಲ್ ರೈಲು ಹತ್ತುವ ಮುಂಚೆ ಒಂದು ಚಹಾ, ಒಂದು ಪ್ಲೇಟ್ ಇಡ್ಲಿ-ವಡೆ ಎಂದು ನುಗ್ಗುವುದು ಆಗಲೇ. ಸರಿಯಾಗಿ ಅದೇ ಗಳಿಗೆಗೆ, ಮೋರಿಯಲ್ಲಿ ಕಪ್ಪು-ಬಸಿ ತೊಳೆಯುತ್ತಿದ್ದ ಮಾಣಿ ಕೈ ಒರೆಸಿಕೊಂಡು ಗಲ್ಲಾದ ಎದುರು ನಿಲ್ಲುತ್ತಾನೆ: "ಧಣಿ, ಶಾಲೆಗೆ ಹೊತ್ತಾಯ್ತು."

ಮುಂಬಯಿಯ ನಮ್ಮವರ ಹೊಟೇಲುಗಳಲ್ಲಿ ದಶಕಗಟ್ಟಲೆ ನಡೆದದ್ದು ಇದು. ಕರಾವಳಿಯಿಂದ ಹತ್ತು-ಹನ್ನೆರಡರ ಪ್ರಾಯಕ್ಕೇ ಬಂದಿಳಿದ ಹುಡುಗರಿಗಾಗಿ ಊರಿನವರ ಸಂಘಗಳು ಕನ್ನಡ ರಾತ್ರಿ ಶಾಲೆ ನಡೆಸಿದವು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ ನಡೆಸಿದ ಶಾಲೆ ಅವುಗಳಲ್ಲೊಂದು. ಹಗಲು ದುಡಿಮೆ, ರಾತ್ರಿ ಪಾಠ, ಹೊಟೇಲು ಮುಚ್ಚಿದ ಮೇಲೆ ಅಲ್ಲೇ ಟೇಬಲ್ಲು ಜೋಡಿಸಿ ನಿದ್ದೆ. ಹೀಗೆ ಎಸ್ಸೆಸ್ಸಿ ದಾಟಿ ಬ್ಯಾಂಕು, ಕಚೇರಿ ಸೇರಿದವರು ಎಷ್ಟೋ ಮಂದಿ.

ಆ ಹುಡುಗರ ಛಲವನ್ನು ಬೇಕಾದಷ್ಟು ಹೊಗಳಿದ್ದಾಗಿದೆ. ನನ್ನನ್ನು ಕಾಡುವವನು ಗಲ್ಲಾದ ಹಿಂದೆ ಕೂತವನು. ಅವನಿಗೆ ಲೆಕ್ಕ ಗೊತ್ತು. ಈ ಹುಡುಗ ಪಾಸಾದರೆ ಮತ್ತೆ ಮೋರಿಗೆ ಬರುವವನಲ್ಲ. ತನ್ನ ಕೈಯಾಳನ್ನು ತಾನೇ ಕಳೆದುಕೊಳ್ಳಲು, ಅದೂ ಗಿರಾಕಿಯ ಹೊತ್ತಿನಲ್ಲಿ, "ಹೋಗು ಮಾರಾಯ" ಅನ್ನಬೇಕು. ಎಲ್ಲರೂ ಅನ್ನಲಿಲ್ಲ. ಪುಸ್ತಕ ಕಂಡರೆ ಸಿಡುಕಿದವರಿದ್ದರು, ಸಂಬಳ ಹಿಡಿದಿಟ್ಟವರೂ ಇದ್ದರು. ಮಕ್ಕಳು ಪಾತ್ರೆ ತೊಳೆದದ್ದಕ್ಕೆ ಈಗ ಬೆಲ್ಲ ಸವರುವುದು ಬೇಡ.

ಧಣಿಗಳಲ್ಲೂ ಅನೇಕರು ಆ ಮೋರಿಯನ್ನು ಕಂಡೇ ಬಂದವರು. ಮಾಟುಂಗಾ ಸ್ಟೇಷನ್ ಎದುರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಎ. ರಾಮ ನಾಯಕರದೂ ಅಡುಗೆಮನೆಯ ಹುಡುಗನಾಗಿಯೇ ಶುರುವಾದ ಮುಂಬಯಿ ಬದುಕು.

ಶಾಲೆ ಹತ್ತದವನಿಗೆ ಬೇರೆ ಏಣಿ ಇತ್ತು: ಟೇಬಲ್ ಒರೆಸುವುದು, ಸಪ್ಲೈ, ಕೌಂಟರ್. ಒಂದು ಮಧ್ಯಾಹ್ನ ಧಣಿ ಏಳುತ್ತಾನೆ: "ಊಟ ಮಾಡಿ ಬರ್ತೇನೆ, ಸ್ವಲ್ಪ ಗಲ್ಲಾದಲ್ಲಿ ಕೂತ್ಕೋ." ಆ ಅರ್ಧ ಗಂಟೆಯ ದುಡ್ಡನ್ನು ಅವನು ಎಣಿಸುವುದಿಲ್ಲ, ಎಣಿಸಿದರೂ ಹುಡುಗನಿಗೆ ಕಾಣದಂತೆ. ವರ್ಷಗಳ ಮೇಲೆ ಹೊಟೇಲೇ 'ಕಂಡಕ್ಟಿಂಗ್' ಲೆಕ್ಕದಲ್ಲಿ, ಅಂದರೆ ಧಣಿಗೆ ಗೊತ್ತಾದ ಹಣ ಕೊಟ್ಟು ತಾನೇ ನಡೆಸುವ ಕರಾರಿನಲ್ಲಿ, ಆ ಹುಡುಗನ ಕೈಗೆ ಬಂದದ್ದೂ ಉಂಟು.

ರಾತ್ರಿ ಶಾಲೆಗಳಲ್ಲಿ ಹೆಚ್ಚಿನವು ಮುಚ್ಚಿವೆ. ಮೋರಿಯಲ್ಲೀಗ ಝಾರ್ಖಂಡ, ಒಡಿಶಾದ ಹುಡುಗರು. ಅವರ ಊರಿನ ಹೆಸರು ಎಷ್ಟು ಧಣಿಗಳಿಗೆ ಗೊತ್ತು? ಆರೂವರೆಗೆ ಕೈ ಒರೆಸಿಕೊಂಡು ಗಲ್ಲಾದ ಎದುರು ನಿಂತರೂ, ಅವರು ಯಾವ ಶಾಲೆಗೆ ಹೊತ್ತಾಯ್ತೆಂದು ಹೇಳಬೇಕು?