ನಾಲಿಗೆಯ ಮೈಲಿಗೆಗೆ ಯಾವ ಸ್ನಾನ?

ಪ್ರಶ್ನೆ: ನಮ್ಮ ಅತ್ತೆಯವರು ಏಳು ತಿಂಗಳು ಹಾಸಿಗೆ ಹಿಡಿದು ಕಳೆದ ವರ್ಷ ತೀರಿಕೊಂಡರು. ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಕ್ರೈಸ್ತ ನರ್ಸ್ ಒಬ್ಬರು ಆ ಏಳು ತಿಂಗಳೂ ಡ್ಯೂಟಿ ಮುಗಿಸಿ ಬಂದು ಅತ್ತೆಯವರ ಬೆನ್ನಿನ ಹುಣ್ಣು ತೊಳೆದು ಮದ್ದು ಹಾಕಿದರು, ಒಂದು ರೂಪಾಯಿ ಮುಟ್ಟಲಿಲ್ಲ. ಕೊನೆಯ ರಾತ್ರಿ ನಮ್ಮ ಯಜಮಾನರು ಆಂಬುಲೆನ್ಸ್ ನೋಡಲು ರಸ್ತೆಗೆ ಹೋಗಿದ್ದರು. ನನಗೆ ಕೈಕಾಲೇ ಆಡಲಿಲ್ಲ. ಆಗ ಆಕೆ, "ಇಂಥ ಹೊತ್ತಲ್ಲಿ ಬಾಯಿಗೆ ಹಾಕೋ ನೀರು ನಿಮ್ಮ ದೇವರ ಮನೇಲಿ ಇರುತ್ತಲ್ಲ ಅಕ್ಕ, ತನ್ನಿ" ಎಂದು ಹೇಳಿ, ನಾನು ತಂದ ಗಂಗಾಜಲವನ್ನು ತುಳಸಿಯೊಂದಿಗೆ ತಾವೇ ಹಾಕಿದರು. ಇದು ತಿಳಿದ ನಮ್ಮ ನಾದಿನಿ, ಆಕೆಗೆ ಕೇಳಿಸುವಂತೆಯೇ "ಅಮ್ಮನಿಗೆ ಕೊನೇ ಗಳಿಗೆಯಲ್ಲಿ ಮೈಲಿಗೆಯಾಯ್ತು" ಎಂದರು. ಹದಿಮೂರನೇ ದಿನ ಆಕೆಯನ್ನು ಊಟಕ್ಕೂ ಕರೆಯಲಿಲ್ಲ, ಸಂಜೆ ಕ್ಯಾರಿಯರ್‌ನಲ್ಲಿ ಮೇಲಕ್ಕೆ ಕಳಿಸಿದೆವು. ಮುಂದಿನ ತಿಂಗಳು ವರ್ಷಾಬ್ದಿಕ. ಅತ್ತೆಯವರ ಸದ್ಗತಿಗೆ ಏನಾದರೂ ದೋಷ ಬಂದಿದೆಯೇ? ಪ್ರಾಯಶ್ಚಿತ್ತ ಏನು? ಈ ಸಲವಾದರೂ ಆಕೆಯನ್ನು ಊಟಕ್ಕೆ ಕರೆಯಬಹುದೇ?
— ಒಬ್ಬ ಗೃಹಿಣಿ, ಹಿರಿಯೂರು

ಉತ್ತರ: ಅಮ್ಮಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೂರು ಪ್ರಶ್ನೆ ಕೇಳಿದ್ದೀರಿ, ಒಂದೊಂದಾಗಿ ನೋಡೋಣ.

ಮೊದಲನೆಯದು ಸದ್ಗತಿಯ ಮಾತು. ಪ್ರಾಣೋತ್ಕ್ರಮಣ ಕಾಲದಲ್ಲಿ ಗಂಗಾಜಲ, ತುಳಸಿಯನ್ನು ಮಗ ಹಾಕಬೇಕು ಎನ್ನುವುದು ರೂಢಿ. ಮಗ ಎದುರಿಗೆ ಇಲ್ಲದಿದ್ದರೆ ಹತ್ತಿರ ಇದ್ದವರು ಹಾಕಬೇಕು. ಹೋಗುವ ಜೀವ ನಮ್ಮ ಅನುಕೂಲಕ್ಕೆ ಕಾಯುವುದಿಲ್ಲ ನೋಡಿ. ಗಂಗೆ ನಿಮ್ಮ ಮನೆಯದು, ತುಳಸಿ ನಿಮ್ಮ ವೃಂದಾವನದ್ದು, ಕೊಟ್ಟದ್ದು ಅತ್ತೆಯವರ ನಂಬಿಕೆಗೆ ತಕ್ಕಂತೆ. ಸಾವಿರಾರು ಜನ ಮುಳುಗಿದರೂ ಕೆಡದ ಗಂಗೆ ಒಬ್ಬ ಹೆಣ್ಣುಮಗಳ ಬೆರಳು ತಾಗಿದರೆ ಕೆಡುತ್ತಾಳೆಯೇ? ಭಾಗವತದ ಒಂಬತ್ತನೇ ಸ್ಕಂಧದಲ್ಲಿ ರಂತಿದೇವನ ಕಥೆ ಬರುತ್ತದೆ. ನಲವತ್ತೆಂಟು ದಿನ ಉಪವಾಸವಿದ್ದವನು ಕೊನೆಗೆ ಸಿಕ್ಕ ಅನ್ನವನ್ನು ಬಂದವರಿಗೆಲ್ಲ ಹಂಚಿ, ಉಳಿದ ಒಂದೇ ಪಾಲು ನೀರನ್ನೂ ಬಾಯಾರಿ ಬಂದ ಪುಲ್ಕಸನಿಗೆ ಕೊಟ್ಟುಬಿಟ್ಟ. ಆ ನೀರಿನಿಂದಲೇ ಅವನಿಗೆ ಭಗವಂತನ ದರ್ಶನವಾಯಿತು. ನೀರಿನ ಲೆಕ್ಕವನ್ನು ಶಾಸ್ತ್ರ ಹಾಗೆ ಇಟ್ಟಿದೆ. ಆದ್ದರಿಂದ ನಿಮ್ಮ ಅತ್ತೆಯವರಿಗೆ ಯಾವ ದೋಷವೂ ಇಲ್ಲ. ಇದಕ್ಕಾಗಿ ಯಾರಾದರೂ ಶಾಂತಿ, ಹೋಮ ಎಂದು ಪಟ್ಟಿ ಬರೆದುಕೊಟ್ಟರೆ ಮಾಡಿಸಬೇಡಿ.

ಇನ್ನೊಂದು ವಿಷಯ ಗಮನಿಸಿದಿರಾ? ಆ ಹೊತ್ತಿನಲ್ಲಿ ಆಕೆ ತನ್ನ ದೇವರ ಹೆಸರನ್ನು ನಿಮ್ಮ ಅತ್ತೆಯವರ ಕಿವಿಯಲ್ಲಿ ಹೇಳಬಹುದಿತ್ತು. ಹೇಳಲಿಲ್ಲ. ನಿಮ್ಮ ದೇವರ ಮನೆಯ ನೀರನ್ನು ಕೇಳಿದಳು. ನಿಮಗೇ ಮರೆತುಹೋಗಿದ್ದ ಕರ್ತವ್ಯವನ್ನು ನೆನಪಿಸಿದಳು. ತನ್ನ ನಂಬಿಕೆ ಗಟ್ಟಿಯಿದ್ದವರಿಗೆ ಮಾತ್ರ ಇನ್ನೊಬ್ಬರ ನಂಬಿಕೆಯನ್ನು ಹೀಗೆ ಕಾಪಾಡಲು ಬರುತ್ತದೆ.

ಅವರ ಧರ್ಮಗ್ರಂಥದಲ್ಲಿ ಯಾಕೋಬನ ಪತ್ರಿಕೆ ಎಂಬ ಚಿಕ್ಕ ಭಾಗವಿದೆ. ನಡತೆಯಿಲ್ಲದ ನಂಬಿಕೆ ಜೀವವಿಲ್ಲದ ದೇಹದಂತೆ ಎಂಬುದು ಅದರ ತಿರುಳು. ನಾಲಿಗೆಯ ವಿಚಾರವೂ ಅಲ್ಲಿಯೇ ಬರುತ್ತದೆ. ಸಣ್ಣ ಕಿಡಿ ಕಾಡನ್ನೇ ಸುಡುವಂತೆ ಈ ಪುಟ್ಟ ಅಂಗ ಮನುಷ್ಯನ ಬಾಳನ್ನು ಸುಡುತ್ತದೆ ಎನ್ನುತ್ತಾರೆ. ನಮ್ಮ ಗೀತೆಯ ಹದಿನೇಳನೇ ಅಧ್ಯಾಯ ಇದನ್ನೇ ವಾಙ್ಮಯ ತಪಸ್ಸು ಎನ್ನುತ್ತದೆ. ಕೇಳುವವರ ಮನಸ್ಸು ನೋಯದಂತೆ, ಸತ್ಯವಾಗಿ, ಪ್ರಿಯವಾಗಿ, ಹಿತವಾಗಿ ಮಾತಾಡುವುದು. ತಪಸ್ಸು ಎಂದ ಮೇಲೆ ಅದು ಏಕಾದಶಿ ಉಪವಾಸಕ್ಕಿಂತ ಕಷ್ಟ ಎಂದೇ ಅರ್ಥ!

ಅವರದೇ ಲೂಕನ ಸುವಾರ್ತೆಯಲ್ಲಿ ಯೇಸು ಹೇಳಿದ ಒಂದು ಕಥೆಯಿದೆ. ಕಳ್ಳರು ಹೊಡೆದು ದಾರಿಯಲ್ಲಿ ಬಿಸಾಕಿದ್ದ ಗಾಯಾಳುವನ್ನು ನೋಡಿಯೂ ಒಬ್ಬ ಪುರೋಹಿತ ಪಕ್ಕಕ್ಕೆ ಸರಿದು ಹೋದ, ದೇವಾಲಯದ ಇನ್ನೊಬ್ಬ ಸೇವಕನೂ ಹೋದ. ಕೊನೆಗೆ ಗಾಯಕ್ಕೆ ಎಣ್ಣೆ ಹಾಕಿ, ಛತ್ರಕ್ಕೆ ಕರೆದೊಯ್ದು, ಖರ್ಚಿಗೂ ಕೊಟ್ಟವನು ಅವರೆಲ್ಲ ದೂರ ಇಟ್ಟಿದ್ದ ಸಮಾರ್ಯದ ಜನಾಂಗದವನು. ನಾನೂ ಪುರೋಹಿತನೇ ಅಲ್ಲವೇ, ಆ ಕಥೆ ಕೇಳಿದರೆ ನನಗೆ ಚುರುಕ್ ಎನ್ನುತ್ತದೆ. ನಮ್ಮಲ್ಲೂ ಇಂಥದ್ದು ಇದೆ. ಮಹಾಭಾರತದ ವನಪರ್ವದಲ್ಲಿ ವೇದ ಓದಿದ ಕೌಶಿಕ, ಕೊಕ್ಕರೆಯನ್ನು ಕೋಪದ ನೋಟದಿಂದಲೇ ಕೊಂದವನು, ಧರ್ಮ ಕಲಿಯಲು ಮಿಥಿಲೆಯ ಮಾಂಸದಂಗಡಿಗೆ ಹೋಗಬೇಕಾಯಿತು. ಅಲ್ಲಿ ಧರ್ಮವ್ಯಾಧ ಅವನಿಗೆ ತೋರಿಸಿದ್ದು ತನ್ನ ವೃದ್ಧ ತಂದೆತಾಯಿಗೆ ಮಾಡುತ್ತಿದ್ದ ಸೇವೆಯನ್ನು.

ಎರಡನೆಯದು ಪ್ರಾಯಶ್ಚಿತ್ತ. ನೀರಿಗೆ ಬೇಡ ಎಂದೆ. ಮಾತಿಗೆ ಬೇಕು. ಏಳು ತಿಂಗಳು ಹುಣ್ಣು ತೊಳೆದವಳ ಕಿವಿಗೆ ಬೀಳುವಂತೆ "ಮೈಲಿಗೆ" ಎಂದರಲ್ಲ, ನಿಮ್ಮ ಮನೆಯಲ್ಲಿ ಆದ ನಿಜವಾದ ಮೈಲಿಗೆ ಅದು. ಮೈಯ ಮೈಲಿಗೆ ಸ್ನಾನಕ್ಕೆ ಹೋಗುತ್ತದೆ, ಸೂತಕ ಹತ್ತು ದಿನಕ್ಕೆ ಕಳೆಯುತ್ತದೆ. ನಾಲಿಗೆಯ ಮೈಲಿಗೆ ಕೇಳಿದವರ ಎದುರು ಹೋಗಿ ನಿಂತು "ತಪ್ಪಾಯಿತು" ಎನ್ನುವವರೆಗೆ ಹೋಗುವುದಿಲ್ಲ.

ಉಪದೇಶ ಸುಲಭ, ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ. ಪಾಠಶಾಲೆಯಿಂದ ಬಂದು ಕೆಲವು ವರ್ಷ ಆಗಿತ್ತು. ಹೊಳಲ್ಕೆರೆಯ ಕಡೆ ಒಂದು ಮನೆಯಲ್ಲಿ ಯಜಮಾನರು ತೀರಿಕೊಂಡಿದ್ದರು. ಪಂಚಾಂಗ ನೋಡಿದೆ, ಧನಿಷ್ಠಾ ಪಂಚಕ. ಹೆಣ ಇನ್ನೂ ಅಂಗಳದಲ್ಲಿದೆ, ನಾನು ಆ ತಾಯಿಯ ಎದುರೇ "ಮನೆ ಬಿಡಬೇಕು, ಇಲ್ಲದಿದ್ದರೆ ಇನ್ನೊಂದು ಸಾವು ತಪ್ಪಿದ್ದಲ್ಲ" ಎಂದುಬಿಟ್ಟೆ. ವರ್ಷಾಬ್ದಿಕಕ್ಕೆ ಹೋದಾಗ ಆಕೆ ಅಂದರು, "ಸ್ವಾಮಿ, ಅವತ್ತು ನಾನು ನಮ್ಮೆಜಮಾನ್ರಿಗೆ ಅಂತ ಅಳಲೇ ಇಲ್ಲ. ನೀವಂದ ಮೇಲೆ ಮಕ್ಕಳ ಮುಖ ನೋಡ್ಕೊಂಡು ಹೆದರ್ತಾನೇ ಕೂತಿದ್ದೆ." ನಾನು ನೋಡಿದ ನಕ್ಷತ್ರ ಸರಿಯಿತ್ತು. ಆಡಿದ ಮಾತು ಒಬ್ಬ ಹೆಂಗಸಿನ ದುಃಖವನ್ನೇ ಕಿತ್ತುಕೊಂಡಿತ್ತು. ಕ್ಷಮೆ ಕೇಳಿದೆ. ಈಗ ಯಾರ ಮನೆಗೆ ಹೋದರೂ ಮೊದಲು ಕುಳಿತು ಅವರ ಮಾತು ಕೇಳುತ್ತೇನೆ, ಪಂಚಾಂಗ ಆಮೇಲೆ. ನಿಮ್ಮ ನಾದಿನಿಯವರನ್ನೂ ಬೈಯಬೇಡಿ. ತಾಯಿಯ ಕೊನೆಗಳಿಗೆಗೆ ತಾನು ಇರಲಿಲ್ಲ ಎಂಬ ಸಂಕಟ ಬೇರೆ ದಾರಿ ಸಿಗದೆ ಹಾಗೆ ಹೊರಬಂದಿರಬಹುದು. ಅವರನ್ನು ಒಪ್ಪಿಸಿ ಮಹಡಿಗೆ ಕರೆದುಕೊಂಡು ಹೋಗಿ. ಅವರು ಬಾರದಿದ್ದರೆ ಮನೆಯ ಯಜಮಾನರಾಗಿ ನೀವಿಬ್ಬರೂ ಹೋಗಿ.

ಇನ್ನೊಬ್ಬರ ಮತದ ಬಗ್ಗೆ ನಾಲಿಗೆ ಬಿಗಿಹಿಡಿಯಬೇಕು ಎನ್ನುವುದು ಈ ಮಣ್ಣಿಗೆ ಹೊಸದಲ್ಲ. ನಮ್ಮ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ತಂದೆತಾಯಿಯ ಮಾತು ಕೇಳಿ, ಪ್ರಾಣಿಗಳಲ್ಲಿ ದಯೆಯಿಡಿ, ಸತ್ಯ ನುಡಿಯಿರಿ, ಗುರುವನ್ನು ಗೌರವಿಸಿ ಎಂದು ಅದರಲ್ಲಿ ಹೇಳಿದೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಚಂದ್ರಲಾಂಬೆಯ ಗುಡಿಯ ಆವರಣದಲ್ಲಿ ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೂ ಅಶೋಕನ ಬರಹ ಸಿಕ್ಕಿತು. ತನ್ನ ಮತವನ್ನು ಹೊಗಳಿ ಪರಮತವನ್ನು ಹಳಿಯುವವನು ತನ್ನ ಮತಕ್ಕೇ ಹಾನಿ ಮಾಡುತ್ತಾನೆ ಎನ್ನುವ ಹನ್ನೆರಡನೇ ಶಾಸನವೂ ಅದರಲ್ಲಿದೆ. ದೇವಿ ಎಷ್ಟು ಕಾಲ ಆ ಮಾತಿನ ಮೇಲೆ ನಿಂತಿದ್ದಳೋ!

ಕಿಟ್ಟೆಲ್ ಅವರನ್ನು ನೋಡಿ. ಬಾಸೆಲ್ ಮಿಷನ್‌ನ ಪಾದ್ರಿಯಾಗಿ 1853ರಲ್ಲಿ ಬಂದವರು, ತಮ್ಮ ಧರ್ಮವನ್ನು ಕೊನೆವರೆಗೂ ಬಿಟ್ಟವರಲ್ಲ. ಆದರೆ ನಮ್ಮ ನುಡಿಯನ್ನು ಪದಪದವಾಗಿ ಕೂಡಿಸಿ, ಸುಮಾರು 70,000 ಪದಗಳ ನಿಘಂಟನ್ನು 1894ರಲ್ಲಿ ಕೊಟ್ಟರು. ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿದರು. ಇಂದಿಗೂ ವೈದಿಕರ ಮನೆಯ ಕಪಾಟಿನಲ್ಲಿ ಆ ಕೋಶ ಇದೆ. ಯಾರು ಯಾವ ದೇವರನ್ನು ನಂಬುತ್ತಾರೆ ಎನ್ನುವುದು ಅವರು ಮಾಡಿದ ಕೆಲಸದಲ್ಲಿ ಕಾಣಬೇಕು.

ಮೂರನೆಯದು ಊಟದ ಪ್ರಶ್ನೆ. ಶ್ರಾದ್ಧದ ದಿನ ವಿಶ್ವೇದೇವ ಸ್ಥಾನ, ಪಿತೃಸ್ಥಾನದಲ್ಲಿ ಕೂರುವವರಿಗೆ ನಿಯಮವುಂಟು, ಮಡಿಯ ಅಡುಗೆ ಉಂಟು. ಅಂದಿನ ಊಟಕ್ಕೆ ಪಕ್ಕದ ಮನೆಯ ವೈದಿಕರನ್ನೂ ನಾವು ಸುಮ್ಮನೆ ಕರೆಯುವುದಿಲ್ಲ. ಆದ್ದರಿಂದ ಅಂದು ಆಕೆಯನ್ನು ಕರೆಯದಿದ್ದರೆ ಅದು ಅವಮಾನವಲ್ಲ, ಆದರೆ ಕಾರಣವನ್ನು ಮೊದಲೇ ತಿಳಿಸಿ. ಮಾರನೆಯ ದಿನ ಹಬ್ಬದಡುಗೆ ಮಾಡಿ. ಗಂಡ ಹೆಂಡತಿ ಇಬ್ಬರೂ ಮೆಟ್ಟಿಲು ಹತ್ತಿ ಕುಂಕುಮ ಹಚ್ಚಿ ಕರೆಯುವ ಮೊದಲು, "ನಿಮ್ಮ ಪದ್ಧತಿಗೆ ಒಪ್ಪುತ್ತದೆಯೇ?" ಎಂದು ಕೇಳಿ. ಕುಂಕುಮ ಬೇಡವೆಂದರೆ ಹೂವು ಕೊಡಿ. ಅವರಲ್ಲಿ ಕೆಲವರು ನೈವೇದ್ಯ ಮಾಡಿದ್ದನ್ನು ಉಣ್ಣುವುದಿಲ್ಲ. ಹಾಗಿದ್ದರೆ ನೈವೇದ್ಯಕ್ಕೆ ಮೊದಲೇ ಅಡುಗೆಯಲ್ಲಿ ಸ್ವಲ್ಪ ಬೇರೆ ತೆಗೆದಿಡಿ. ಆಕೆ ನಿಮ್ಮ ಗಂಗಾಜಲವನ್ನು ಗೌರವಿಸಿದಳು, ನೀವು ಆಕೆಯ ನಿಷ್ಠೆಯನ್ನು ಗೌರವಿಸಿ. ಎಲೆಯನ್ನು ಮಾತ್ರ ಮನೆಯವರ ಸಾಲಿನಲ್ಲೇ ಹಾಕಿ, ವರಾಂಡದಲ್ಲಿ ಬೇಡ. ನೀವೇ ಬಡಿಸಿ.

ಕ್ಯಾರಿಯರ್ ವಾಪಸು ಬಂದಾಗ ಆಕೆ ಏನಂದರು ಎಂದು ನೀವು ಬರೆದಿಲ್ಲ. ಏನೂ ಅಂದಿರಲಾರರು. ಆ ಮೌನವೂ ವಾಙ್ಮಯ ತಪಸ್ಸೇ. ಅದು ಇನ್ನೊಂದು ವರ್ಷ ಮುಂದುವರಿಯುವಂತೆ ಮಾಡಬೇಡಿ.

ಹೊಸದುರ್ಗ, ಚಿತ್ರದುರ್ಗದಿಂದಲೂ ಇಂಥವೇ ಪ್ರಶ್ನೆ ಕೇಳಿದ ಇಬ್ಬರಿದ್ದಾರೆ. ಅವರಿಗೂ ಇದೇ ಉತ್ತರ. ನಿಮ್ಮ ಅತ್ತೆಯವರಿಗೆ ಸದ್ಗತಿ ದೊರೆಯಲಿ, ನಿಮ್ಮ ಮನೆಗೆ, ಮಹಡಿಯ ಮನೆಗೂ ಮಂಗಳವಾಗಲಿ.